ಒಂದು ಹನಿ ರಕ್ತಕ್ಕೆ ನಾಲ್ಕು ವರ್ಷ

ಗಾಜಿನ ಪಟ್ಟಿಯ ಒಂದು ತುದಿಯಲ್ಲಿ ರಕ್ತದ ಸಣ್ಣ ಹನಿ. ಗುಂಡುಸೂಜಿಯ ತಲೆಗಿಂತ ಚೂರು ದೊಡ್ಡದು, ಅಷ್ಟೆ. ಇನ್ನೊಂದು ಗಾಜಿನ ಪಟ್ಟಿಯನ್ನು ಅದರ ಮುಂದೆ ಓರೆಯಾಗಿ ಹಿಡಿದು, ಹಿಂದಕ್ಕೆ ಎಳೆದು ಹನಿಗೆ ತಾಗಿಸಬೇಕು. ತಾಗಿದ ಕೂಡಲೆ ರಕ್ತವು ಪಟ್ಟಿಯ ಅಂಚಿನುದ್ದಕ್ಕೂ ಹರಿದು ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ಪೂರ್ತಿಯಾಗುವ ಹೊತ್ತಿಗೆ ಸರಿಯಾಗಿ, ಒಂದೇ ಓಟದಲ್ಲಿ ಮುಂದಕ್ಕೆ ತಳ್ಳಬೇಕು. ರಕ್ತ ಹಿಂಬಾಲಿಸಿಕೊಂಡು ಬಂದು ಗಾಜಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಸ್ಮಿಯರ್ ಎನ್ನುವುದು ಇದನ್ನೇ. ಎಲ್ಲ ಸೇರಿ ಎರಡು ಸೆಕೆಂಡಿನ ಕೆಲಸ. ನನ್ನ ತಂಗಿಯ ಮಗಳಿಗೆ ಇದು ಕೈಗೆ ಹತ್ತಲು ಮೂರು ತಿಂಗಳು ಹಿಡಿಯಿತು.

ಅವಳು ಓದುತ್ತಿರುವುದು ಬಿ.ಎಸ್ಸಿ. ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿ. ಕಾಲೇಜಿನವರ ಬಾಯಲ್ಲಿ ಬರೇ ಎಂಎಲ್‌ಟಿ. ಮೂರು ವರ್ಷ ಪಾಠ, ನಾಲ್ಕನೆಯ ವರ್ಷ ಇಂಟರ್ನ್‌ಶಿಪ್. ಸೀಟು ಸಿಕ್ಕಿದ ದಿನ ಅವಳ ಅಜ್ಜ ಕೇಳಿದ್ದರು: "ರಕ್ತ ತೆಗೆದು ಮಿಷನ್ನಿಗೆ ಹಾಕೋದಕ್ಕೆ ನಾಲ್ಕು ವರ್ಷ ಯಾಕಮ್ಮ ಓದಬೇಕು?" ಅವಳಿಗೆ ಆಗ ಉತ್ತರ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಈಗ ಅವಳು ಇಂಟರ್ನ್‌ಶಿಪ್ಪಿನಲ್ಲಿದ್ದಾಳೆ. ಅವಳ ಲ್ಯಾಬಿನ ಹಿರಿಯ ಟೆಕ್ನಾಲಜಿಸ್ಟ್ ಒಬ್ಬರು, ಎಲ್ಲರೂ ಮೇಡಂ ಎಂದಷ್ಟೇ ಕರೆಯುವವರು, ಒಪ್ಪಿಗೆ ಕೊಟ್ಟಿದ್ದರಿಂದ ಕೆಲವು ದಿನ ಅಲ್ಲಿ ಒಂದು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದೆ. ಅಜ್ಜನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇದು.

ಮೊದಲು ಆ ಸ್ಮಿಯರ್‌ಗೇ ಮರಳುತ್ತೇನೆ. ಹಳ್ಳಿಮನೆಗಳಲ್ಲಿ ಸಗಣಿ ಹಾಕಿ ನೆಲ ಸಾರಿಸುವವರನ್ನು ಕಂಡವರಿಗೆ ಆ ಕೈಯ ಗತಿ ಗೊತ್ತಿರುತ್ತದೆ. ಬಳಿದು ಮುಂದೆ ಹೋದ ಜಾಗಕ್ಕೆ ಮತ್ತೆ ಕೈ ಹಾಕಿದರೆ ಗೀರು ಏಳುತ್ತದೆ. ನಡುವೆ ಕೈ ತಡೆದರೆ ಅಲ್ಲಿ ದಪ್ಪವಾಗುತ್ತದೆ. ಸ್ಮಿಯರ್ ಎಳೆಯುವ ಕೈಗೂ ಅದೇ ನಿಯಮ. ಅನುಮಾನಿಸಿದ ಕೈ ಸ್ಲೈಡಿನ ಮೇಲೆ ಅಡ್ಡಗೆರೆ ಬಿಡುತ್ತದೆ. ಗಾಜಿನ ಮೇಲೆ ಬೆರಳಿನ ಜಿಡ್ಡಿದ್ದರೆ ರಕ್ತ ಅಲ್ಲಲ್ಲಿ ತೂತು ಬಿಟ್ಟು ಹರಡುತ್ತದೆ. ಸರಿಯಾಗಿ ಬಂದ ಸ್ಮಿಯರ್‌ಗೆ ತಲೆ, ಮೈ, ಬಾಲ ಎಂಬ ಮೂರು ಭಾಗ. ತಲೆಯ ಕಡೆ ದಪ್ಪ. ಬರಬರುತ್ತ ತೆಳುವಾಗಿ, ಬಾಲದಲ್ಲಿ ಹಕ್ಕಿಯ ಗರಿಯಂತೆ ಮುಗಿಯುತ್ತದೆ. ಸ್ಲೈಡಿನ ಉದ್ದದ ಮೂರರಲ್ಲಿ ಎರಡು ಪಾಲು ತುಂಬಿರಬೇಕು, ಎರಡೂ ಬದಿಯಲ್ಲಿ ಅಂಚು ಬಿಟ್ಟಿರಬೇಕು. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಬಾಲದ ಹತ್ತಿರ ಸಣ್ಣಗೆ ಕಾಮನಬಿಲ್ಲಿನ ಬಣ್ಣ ಆಡುತ್ತದೆ. ಅದನ್ನು ಕಂಡ ಮೇಲೆಯೇ ಮೇಡಂ ಸ್ಲೈಡನ್ನು ಬಣ್ಣಕ್ಕೆ ಕಳಿಸುವುದು.

ಓರೆ ಎಷ್ಟಿರಬೇಕು ಎಂದು ಕೇಳಿದೆ. ಪುಸ್ತಕದಲ್ಲಿ 30ರಿಂದ 45 ಡಿಗ್ರಿ. ಮೇಡಂ ಮಾತ್ರ ರಕ್ತವನ್ನು ನೋಡಿ ಹೇಳುತ್ತೇನೆ ಎಂದರು. ರಕ್ತಹೀನತೆ ಇರುವವರ ರಕ್ತ ತೆಳು, ನೀರಿನ ಹಾಗೆ ಓಡುತ್ತದೆ; ಅದಕ್ಕೆ ಪಟ್ಟಿಯನ್ನು ಇನ್ನಷ್ಟು ನೆಟ್ಟಗೆ ಹಿಡಿಯಬೇಕು, ಇಲ್ಲದಿದ್ದರೆ ಸ್ಮಿಯರ್ ಸ್ಲೈಡಿನಾಚೆ ಓಡಿಹೋಗುತ್ತದೆ. ಆಗಷ್ಟೇ ಹುಟ್ಟಿದ ಮಗುವಿನ ರಕ್ತ ಮಂದ; ಅದಕ್ಕೆ ಪಟ್ಟಿಯನ್ನು ಮಲಗಿಸಿ ಹಿಡಿಯಬೇಕು. ಹನಿ ಗಾಜಿನ ಮೇಲೆ ಕೂತ ರೀತಿಯಿಂದಲೇ ಹಿಮೋಗ್ಲೋಬಿನ್ ಸುಮಾರಿಗೆ ಎಷ್ಟಿರಬಹುದು ಎಂದು ಅವರ ಕೈಗೆ ತಿಳಿಯುತ್ತದೆ. ಯಂತ್ರದ ಅಂಕಿ ಅದಕ್ಕೆ ಹೊಂದದಿದ್ದರೆ, ಟ್ಯೂಬಿನ ಹೆಸರು ಮತ್ತೊಮ್ಮೆ ನೋಡುತ್ತಾರೆ.

ಈ ತೆಳುಪದರ ಏಕೆ ಬೇಕು ಎಂಬುದು ಸೂಕ್ಷ್ಮದರ್ಶಕದ ಕೆಳಗೆ ಗೊತ್ತಾಗುತ್ತದೆ. ಕೆಂಪು ರಕ್ತಕಣದ ಅಗಲ ಏಳೆಂಟು ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಏಳೆಂಟು ಭಾಗ. ತಲೆಯ ಕಡೆ ಕಣಗಳು ಒಂದರ ಮೇಲೊಂದು ಬಿದ್ದು ರೊಟ್ಟಿಯ ಅಟ್ಟಿಯಂತಿರುತ್ತವೆ. ಬಾಲದ ತುದಿಯಲ್ಲಿ ಚಪ್ಪಟೆಯಾಗಿ ನಡುವಿನ ಮಸುಕು ಬಿಳುಪನ್ನೇ ಕಳೆದುಕೊಂಡಿರುತ್ತವೆ. ಎರಡರ ನಡುವೆ, ಕಣಗಳು ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ಕೂತಿರುವ ಒಂದು ಕಿರಿದಾದ ಜಾಗವಿದೆ. ಅಲ್ಲಿ ಮಾತ್ರ ಓದಬೇಕು. ಆ ಜಾಗ ಇಲ್ಲದ ಸ್ಮಿಯರ್, ಮಸಿ ಚೆಲ್ಲಿದ ಪುಟದ ಹಾಗೆ.

ಬಣ್ಣ ಹಾಕುವುದು ಮುಂದಿನ ಹೆಜ್ಜೆ, ಅದಕ್ಕೊಂದು ಕತೆ ಇದೆ. ನಮ್ಮ ಲ್ಯಾಬುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಲೀಶ್‌ಮನ್ ಸ್ಟೇನ್. ಭಾರತದಲ್ಲಿ ಸೇವೆ ಮಾಡಿದ್ದ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಬೂಗ್ ಲೀಶ್‌ಮನ್ 1901ರಲ್ಲಿ ಇದನ್ನು ಪ್ರಕಟಿಸಿದರು. ರಷ್ಯಾದ ರೊಮನೊವ್‌ಸ್ಕಿ ಅದಕ್ಕೆ ಹತ್ತು ವರ್ಷ ಮೊದಲು ಕಂಡುಕೊಂಡಿದ್ದ ಬಣ್ಣಗಳ ಜೋಡಿಯನ್ನು ಅವರು ಮಿಥೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಕಣಗಳನ್ನು ಗಾಜಿಗೆ ಹಿಡಿಸುವುದನ್ನೂ ಬಣ್ಣ ಹಾಕುವುದನ್ನೂ ಒಂದೇ ದ್ರವಕ್ಕೆ ಒಪ್ಪಿಸಿದರು. ಸ್ಲೈಡಿನ ಮೇಲೆ ಮೊದಲು ಬರೇ ಬಣ್ಣ, ಎರಡು ನಿಮಿಷ. ಅದರ ಮೇಲೆ ಎರಡರಷ್ಟು ಬಫರ್ ನೀರು, ಏಳರಿಂದ ಹತ್ತು ನಿಮಿಷ. ಬಾಯಿಂದಲೋ ರಬ್ಬರ್ ಬಲ್ಬಿನಿಂದಲೋ ಮೆಲ್ಲಗೆ ಊದಿ ಎರಡನ್ನೂ ಬೆರೆಸುತ್ತಾರೆ. ಮೇಲೆ ಲೋಹದ ಹೊಳಪಿನ ಕೆನೆಯೊಂದು ಕಟ್ಟುತ್ತದೆ. ಬಫರಿನ ಪಿಎಚ್ 6.8 ಇರಬೇಕು. ಅದಕ್ಕಿಂತ ಹುಳಿಯಾದರೆ ಎಲ್ಲವೂ ಗುಲಾಬಿಗೆ ತಿರುಗುತ್ತದೆ, ಕ್ಷಾರವಾದರೆ ನೀಲಿಗೆ. ನಲ್ಲಿಯ ನೀರಿನ ಗುಣ ಊರಿಗೊಂದು, ಬೋರ್‌ವೆಲ್ಲಿಗೊಂದು. ಅದನ್ನು ನಂಬಿ ಕೂರುವ ಹಾಗಿಲ್ಲ.

ಹೀಗೆ ಬಣ್ಣ ಹೀರಿದ ರಕ್ತ ನಿಜಕ್ಕೂ ಚೆಂದ. ಕೆಂಪು ಕಣಗಳು ಎಳೆ ಗುಲಾಬಿ. ಬಿಳಿ ಕಣಗಳ ನ್ಯೂಕ್ಲಿಯಸ್ ನೇರಳೆ. ಇಯೊಸಿನೊಫಿಲ್‌ನ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಕಾಳುಗಳು, ದಾಳಿಂಬೆ ಬಿಡಿಸಿಟ್ಟಂತೆ. ನ್ಯೂಟ್ರೊಫಿಲ್‌ಗೆ ಎರಡರಿಂದ ಐದು ಹಾಲೆಗಳ ನ್ಯೂಕ್ಲಿಯಸ್. ಮೊದಲ ಬಾರಿ ಐಪೀಸಿನಲ್ಲಿ ಕಣ್ಣಿಟ್ಟಾಗ ನಾನು ಸುಮಾರು ಹೊತ್ತು ಮಾತಾಡಲಿಲ್ಲ. ನನ್ನೊಳಗೂ ಇದೇ ಹರಿಯುತ್ತಿದೆ ಎಂದು ಅರವತ್ತು ದಾಟಿದ ಮೇಲೆ ಕಣ್ಣಾರೆ ಕಂಡಿದ್ದೆ.

ಈಗ ಪ್ರವೇಶದ ನಿಯಮಕ್ಕೆ ಬರಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಈ ಪದವಿಯ ಬಹಳಷ್ಟು ಕಾಲೇಜುಗಳು ಅದರ ಕೆಳಗಿವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಪಾಸಾಗಿರಬೇಕು ಎನ್ನುತ್ತದೆ ನಿಯಮ. ಪ್ರಕಟಣೆಯಲ್ಲಿ ಓದಿದಾಗ ಇದು ಬರೇ ಒಂದು ಸಾಲು. ಲ್ಯಾಬಿನಲ್ಲಿ ಕೂತು ನೋಡಿದಾಗ ಒಂದೊಂದು ವಿಷಯವೂ ಒಂದೊಂದು ಬೆರಳಾಗಿ ಕಾಣುತ್ತದೆ. ನೂರರ ಲೆನ್ಸ್ ಇಳಿಸುವ ಮೊದಲು ಸ್ಲೈಡಿನ ಮೇಲೆ ಎಣ್ಣೆಯ ಹನಿ ಇಡುತ್ತಾರೆ. ಗಾಜಿನಿಂದ ಗಾಳಿಗೆ ಹಾಯುವಾಗ ಬೆಳಕು ಬಾಗಿ ಚೆದರಿಹೋಗುತ್ತದೆ. ಬೆಳಕನ್ನು ಗಾಜಿನಷ್ಟೇ ಬಾಗಿಸುವ ಎಣ್ಣೆ ನಡುವೆ ಇದ್ದರೆ ಬೆಳಕು ನೇರವಾಗಿ ಲೆನ್ಸಿಗೆ ಸೇರುತ್ತದೆ. ಪಿಯುಸಿಯಲ್ಲಿ ವಕ್ರೀಭವನದ ಲೆಕ್ಕ ಮಾಡಿದವಳಿಗೆ ಈ ಎಣ್ಣೆ ಏಕೆಂದು ಒಂದೇ ಮಾತಿಗೆ ಅರ್ಥವಾಗುತ್ತದೆ. ಬಫರಿನ 6.8 ರಸಾಯನಶಾಸ್ತ್ರದ್ದು. ನ್ಯೂಕ್ಲಿಯಸ್ಸು ಆಮ್ಲವಾದ್ದರಿಂದ ಕ್ಷಾರದ ಬಣ್ಣವನ್ನೇ ಎಳೆದುಕೊಳ್ಳುತ್ತದೆ ಎಂಬುದರಲ್ಲಿ ರಸಾಯನವೂ ಜೀವಶಾಸ್ತ್ರವೂ ಕೂಡಿಕೊಂಡಿವೆ.

ಇನ್ನೊಂದು ಬಾಗಿಲೂ ಇದೆ, ಅದು ನನಗೆ ತುಂಬ ಹಿಡಿಸಿದ್ದು. ಪ್ಯಾರಾಮೆಡಿಕಲ್ ಡಿಪ್ಲೊಮಾ ಮುಗಿಸಿದವರು ಈ ಪದವಿಯ ಎರಡನೆಯ ವರ್ಷಕ್ಕೇ ಸೇರಿಕೊಳ್ಳಬಹುದು. ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ನನ್ನ ಸೋದರಸೊಸೆಯ ತರಗತಿಗೆ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದ ಒಬ್ಬರು ಹೀಗೆ ಬಂದರು. ರಕ್ತನಾಳ ಹುಡುಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕಣ್ಣಿಗೆ ಕಾಣದ ನಾಳವನ್ನು ಬೆರಳ ತುದಿಯಿಂದ ಒತ್ತಿ ಹುಡುಕುವುದನ್ನು ಉಳಿದವರಿಗೆ ಅವರೇ ಹೇಳಿಕೊಟ್ಟರು. ಎಂಜೈಮುಗಳ ಪಾಠವನ್ನು ಸಂಜೆ ಹೊತ್ತು ತರಗತಿಯ ಹುಡುಗಿಯರು ಅವರಿಗೆ ಹೇಳಿಕೊಟ್ಟರು. ಕೈಯಿಂದ ಬಂದವರಿಗೂ ಪುಸ್ತಕದಿಂದ ಬಂದವರಿಗೂ ಒಂದೇ ಬೆಂಚು ಕೊಟ್ಟ ನಿಯಮ ಒಳ್ಳೆಯ ನಿಯಮ.

ಒಳಗೆ ಬಂದ ಮೇಲೆ ಅಂಗರಚನೆ, ಶರೀರಕ್ರಿಯೆ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೊಬಯಾಲಜಿ. ಮೊದಲ ಎರಡು ಆರಂಭದಲ್ಲೇ ಮುಗಿದು, ಉಳಿದ ಮೂರು ವರ್ಷದಿಂದ ವರ್ಷಕ್ಕೆ ಆಳವಾಗುತ್ತ ಹೋಗುತ್ತವೆ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಒಂದೆರಡು ವಿಷಯ ಉಳಿಸಿಕೊಂಡವರು ಮುಂದಿನ ವರ್ಷಕ್ಕೆ ಹೋಗಬಹುದು, ಆದರೆ ಬಾಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕೊನೆಯವರೆಗೆ ನಡೆಯಲಾಗದು. ಇವೆಲ್ಲ ಬೇರೆ ಪದವಿಗಳಲ್ಲೂ ಇರುವಂಥವು. ನಾನು ತಡೆದು ನಿಂತದ್ದು ಇನ್ನೊಂದು ನಿಯಮದ ಮುಂದೆ: ಥಿಯರಿಗೂ ಪ್ರಾಕ್ಟಿಕಲ್ಲಿಗೂ ಬೇರೆಬೇರೆಯಾಗಿ ಪಾಸಾಗಬೇಕು. ಬರೆದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಬಂದಿದ್ದರೂ ಪ್ರಾಕ್ಟಿಕಲ್‌ನಲ್ಲಿ ಕಡಿಮೆಯಾದರೆ ಆ ವಿಷಯವೇ ಫೇಲು. ಒಂದರ ಹೆಚ್ಚಿಗೆಯನ್ನು ಇನ್ನೊಂದರ ಕೊರತೆಗೆ ಹಾಕಿ ಸರಿದೂಗಿಸುವಂತಿಲ್ಲ. ಇದು ಕಠಿಣವಲ್ಲವೇ ಎಂದು ಮೇಡಂ ಹತ್ತಿರ ಕೇಳಿದೆ. ಅವರು ಉತ್ತರ ಹೇಳದೆ, "ಬನ್ನಿ, ಕಲೆಕ್ಷನ್ ರೂಮಿಗೆ ಹೋಗೋಣ" ಎಂದರು.

ಬೆಳಿಗ್ಗೆ ಏಳೂವರೆ. ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು ಹೊರಗೆ ಕಾರಿಡಾರಿನವರೆಗೆ. ಕುರ್ಚಿಯಲ್ಲಿ ವಯಸ್ಸಾದ ಒಬ್ಬ ಹೆಂಗಸು. "ಅಜ್ಜಿ, ನಿಮ್ಮ ಹೆಸರೇನು?" ಎಂದು ನನ್ನ ಸೊಸೆ ಕೇಳಿದಳು, ಕೈಯಲ್ಲಿ ಹೆಸರಿದ್ದ ಚೀಟಿ ಹಿಡಿದುಕೊಂಡೇ. ಚೀಟಿ ನೋಡಿ "ಲಕ್ಷ್ಮಮ್ಮ ನೀವೇನಾ?" ಎಂದು ಕೇಳುವ ಹಾಗಿಲ್ಲ. ಗಾಬರಿಯಲ್ಲಿರುವವರು, ಕಿವಿ ಮಂದವಾದವರು ಕೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತಾರೆ. ಒಂದೇ ವಾರ್ಡಿನಲ್ಲಿ ಮೂವರು ಲಕ್ಷ್ಮಮ್ಮ ಇರುವುದು ನಮ್ಮ ಕಡೆ ಅಪರೂಪವೇನಲ್ಲ. ಆದ್ದರಿಂದ ಹೆಸರು ಅವರ ಬಾಯಿಂದಲೇ ಬರಬೇಕು. ಜೊತೆಗೆ ಆಸ್ಪತ್ರೆಯ ನಂಬರು ತಾಳೆಯಾಗಬೇಕು. ರಕ್ತ ತೆಗೆದ ಟ್ಯೂಬಿಗೆ ಲೇಬಲ್ ಅಂಟಿಸುವುದು ಅವರ ಕಣ್ಣೆದುರಿಗೇ, ಅವರು ಎದ್ದು ಹೋಗುವ ಮೊದಲೇ.

ತೋಳಿಗೆ ಕಟ್ಟಿದ ಪಟ್ಟಿ ಒಂದು ನಿಮಿಷಕ್ಕಿಂತ ಹೆಚ್ಚು ಇರಬಾರದು. ಬಿಗಿದಿಟ್ಟರೆ ನೀರಿನಂಶ ನಾಳದಿಂದ ಹೊರಗೆ ಜಿನುಗಿ, ಉಳಿದ ರಕ್ತ ಮಂದವಾಗುತ್ತದೆ. ಪ್ರೋಟೀನಿನ ಅಂಕಿ ಏರುತ್ತದೆ. ಟ್ಯೂಬುಗಳ ಮುಚ್ಚಳದ ಬಣ್ಣಕ್ಕೆ ಒಂದು ಸರದಿ ಇದೆ: ತಿಳಿನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ಪೊಟ್ಯಾಸಿಯಮ್ ಲವಣವಿರುತ್ತದೆ. ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಂಡು ಹೆಪ್ಪುಗಟ್ಟದಂತೆ ಅದು ನೋಡಿಕೊಳ್ಳುತ್ತದೆ. ಸರದಿ ತಪ್ಪಿ, ನೇರಳೆ ಟ್ಯೂಬಿನ ಚೂರು ದ್ರವ ಸೂಜಿಯ ಮೂಲಕ ಕೆಂಪು ಟ್ಯೂಬಿಗೆ ಸೇರಿತು ಎನ್ನಿ. ಯಂತ್ರ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಟ್ಯೂಬಿನಲ್ಲಿರುವುದನ್ನು ಅಳೆದು ಹೇಳುತ್ತದೆ: ಪೊಟ್ಯಾಸಿಯಮ್ ಬಹಳ ಹೆಚ್ಚು, ಕ್ಯಾಲ್ಸಿಯಮ್ ಬಹಳ ಕಡಿಮೆ. ಆ ಪೊಟ್ಯಾಸಿಯಮ್ ನಿಜವಾಗಿದ್ದರೆ ಹೃದಯ ನಿಲ್ಲುವ ಅಪಾಯ. ವಾರ್ಡಿನಲ್ಲಿ ಓಡಾಟ ಶುರುವಾಗುತ್ತದೆ. ರೋಗಿ ಮಾತ್ರ ಹಾಸಿಗೆಯ ಮೇಲೆ ಕೂತು ಕಾಫಿ ಕುಡಿಯುತ್ತಿರುತ್ತಾರೆ.

ಬೂದು ಮುಚ್ಚಳದ್ದು ಸಕ್ಕರೆಗೆ. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಸಕ್ಕರೆ ತಿನ್ನುತ್ತಲೇ ಇರುತ್ತವೆ. ಬರೀ ಟ್ಯೂಬಿನಲ್ಲಿ ಇಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಇಳಿಯುತ್ತದೆ. ಫ್ಲೋರೈಡ್ ಅವುಗಳ ಊಟ ನಿಲ್ಲಿಸುತ್ತದೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸಬೇಕು. ಕುಲುಕಿದರೆ ಕೆಂಪು ಕಣಗಳು ಒಡೆದು, ಒಳಗಿನ ಪೊಟ್ಯಾಸಿಯಮ್ ಹೊರಗೆ ಚೆಲ್ಲಿ ಮತ್ತೆ ಅದೇ ಗೊಂದಲ.

ಕುರ್ಚಿಯ ಪಕ್ಕ ನಿಂತು ಇದನ್ನೆಲ್ಲ ನೋಡುವಾಗ ಮೇಡಂ ಉತ್ತರ ಏನೆಂದು ತಿಳಿಯಿತು. ಈ ಕೆಲಸದಲ್ಲಿ ಹಿಂದಿನ ಹೆಜ್ಜೆಯ ತಪ್ಪನ್ನು ಮುಂದಿನ ಹೆಜ್ಜೆ ತಿದ್ದಲಾರದು. ಕೋಟಿ ರೂಪಾಯಿಯ ಯಂತ್ರವೂ ಸರದಿ ತಪ್ಪಿದ ಟ್ಯೂಬನ್ನು ಸರಿಮಾಡದು. ಥಿಯರಿಯ ತೊಂಬತ್ತು ಪ್ರಾಕ್ಟಿಕಲ್ಲಿನ ಮೂವತ್ತನ್ನು ಮುಚ್ಚಬಾರದು ಎಂದು ಪರೀಕ್ಷಾ ನಿಯಮ ಬರೆದವರು ಈ ಕುರ್ಚಿಯ ಪಕ್ಕ ನಿಂತು ಬಂದವರೇ ಇರಬೇಕು.

ಹಾಗೆಂದು ಯಂತ್ರವನ್ನು ಕಡೆಗಣಿಸುವ ಮಾತಲ್ಲ. ಸಿಬಿಸಿ, ಎಂದರೆ ರಕ್ತಕಣಗಳ ಪೂರ್ಣ ಎಣಿಕೆ, ಮಾಡುವ ಯಂತ್ರ ಒಂದೇ ನಿಮಿಷದಲ್ಲಿ ಸಾವಿರಾರು ಕಣಗಳನ್ನು ಎಣಿಸುತ್ತದೆ; ಕಣ್ಣಿಟ್ಟು ಎಣಿಸುವವರು ನೂರು ಬಿಳಿ ಕಣ ಎಣಿಸುವಷ್ಟರಲ್ಲಿ ಅದು ಐದಾರು ಜನರದ್ದು ಮುಗಿಸಿರುತ್ತದೆ. ಆದರೂ ಇವರು ನ್ಯೂಬಾವರ್ ಚೇಂಬರಿನಲ್ಲಿ ಕೈಯಿಂದ ಎಣಿಸುವುದನ್ನು ಕಲಿಯುತ್ತಾರೆ. ಚೌಕಗಳನ್ನು ಕೊರೆದ ದಪ್ಪ ಗಾಜು ಅದು; ಮೇಲಿನ ಕವರ್ ಗಾಜಿಗೂ ಅದಕ್ಕೂ ನಡುವೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಂದು. ರಕ್ತವನ್ನು ಇಪ್ಪತ್ತು ಪಟ್ಟು ತೆಳುಮಾಡಿ ತುಂಬಿ, ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಕಂಡ ಬಿಳಿ ಕಣಗಳನ್ನು 50ರಿಂದ ಗುಣಿಸಿದರೆ ಒಂದು ಮೈಕ್ರೊಲೀಟರಿನ ಲೆಕ್ಕ. ಗೆರೆಯ ಮೇಲೆ ಕೂತ ಕಣಗಳಲ್ಲಿ ಎರಡು ಬದಿಯವನ್ನು ಸೇರಿಸಿ, ಎರಡು ಬದಿಯವನ್ನು ಬಿಡಬೇಕು. ಇಲ್ಲದಿದ್ದರೆ ಒಂದೇ ಕಣವನ್ನು ಎರಡು ಚೌಕದಲ್ಲಿ ಎಣಿಸಿದಂತಾಗುತ್ತದೆ. ಹೀಗೆ ಎಣಿಸಿ ಕಲಿತವರಿಗೆ ಯಂತ್ರದ ಅಂಕಿ ಎಲ್ಲಿಂದ ಬಂತು ಎಂಬುದು ಗೊತ್ತಿರುತ್ತದೆ. ಎಲ್ಲಿ ಅದಕ್ಕೆ ಕಣ್ಣು ಕಟ್ಟುತ್ತದೆ ಎಂಬುದೂ.

ನಾನು ಅಲ್ಲಿದ್ದ ಮೂರನೆಯ ದಿನ ಅಂಥದ್ದೊಂದು ಬಂತು. ಹರ್ನಿಯಾ ಆಪರೇಷನ್ನಿಗೆಂದು ಬಂದಿದ್ದ ರೈತ, ನಡುವಯಸ್ಸಿನವರು. ಜ್ವರವಿಲ್ಲ, ಮೈಮೇಲೆ ಎಲ್ಲೂ ರಕ್ತದ ಕಲೆಯಿಲ್ಲ. ಪ್ಲೇಟ್‌ಲೆಟ್ 28 ಸಾವಿರ ಎಂದಿತು ಯಂತ್ರ. ಒಂದೂವರೆಯಿಂದ ನಾಲ್ಕು ಲಕ್ಷದವರೆಗೆ ಇರಬೇಕಾದದ್ದು. ಡೆಂಗಿಯ ದಿನಗಳಲ್ಲಿ ಈ ಅಂಕಿ ಕೇಳಿ ಎಷ್ಟು ಮನೆಗಳು ನಿದ್ದೆಗೆಟ್ಟಿವೆ ಎಂಬುದು ನಮಗೆಲ್ಲ ಗೊತ್ತು. ಇದೇ ರಿಪೋರ್ಟು ಹೋಗಿದ್ದರೆ ಆಪರೇಷನ್ ನಿಲ್ಲುತ್ತಿತ್ತು, ಅವರು ಊರಿಂದೂರಿಗೆ ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋಗುತ್ತಿದ್ದರು. ನನ್ನ ಸೊಸೆ ರಿಪೋರ್ಟು ಕಳಿಸಲಿಲ್ಲ. ಅದೇ ಟ್ಯೂಬಿನಿಂದ ಒಂದು ಸ್ಮಿಯರ್ ಎಳೆದಳು. ಬಣ್ಣ ಹಾಕಿ, ಮೊದಲು ಸಣ್ಣ ಲೆನ್ಸಿನಲ್ಲಿ ಬಾಲದ ಕಡೆ ಹುಡುಕಿದಳು. "ಮಾವ, ಬನ್ನಿ ನೋಡಿ." ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ, ಜೇನುಹುಳುಗಳು ರಟ್ಟಿಗೆ ಮುತ್ತಿದಂತೆ ಅಂಟಿಕೊಂಡು ಬಿದ್ದಿದ್ದವು. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದಾಗ ಮಾತ್ರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದೇಹದೊಳಗೆ ಅಲ್ಲ, ಟ್ಯೂಬಿನೊಳಗೆ. ಯಂತ್ರ ಬಿಡಿ ಕಣಗಳನ್ನು ಗಾತ್ರ ನೋಡಿ ಎಣಿಸುವುದರಿಂದ ಗುಂಪು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅವಳು ಮತ್ತೆ ಹೋಗಿ ತಿಳಿನೀಲಿ ಟ್ಯೂಬಿನಲ್ಲಿ ರಕ್ತ ತಂದಳು. ಅದರಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರವ ಇರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು. ಎರಡು ಲಕ್ಷ ದಾಟಿತು. ಅಂದಾಜಿಗೆ ಇನ್ನೊಂದು ದಾರಿಯನ್ನೂ ತೋರಿಸಿದಳು: ಎಣ್ಣೆ ಲೆನ್ಸಿನ ಒಂದು ನೋಟದಲ್ಲಿ ಕಾಣುವ ಪ್ರತಿ ಪ್ಲೇಟ್‌ಲೆಟ್‌ಗೆ ಹದಿನೈದು ಸಾವಿರ ಹಿಡಿದು ಲೆಕ್ಕ ಹಾಕುವುದು. ಎರಡು ಅಂದಾಜುಗಳೂ ಹೊಂದಿದ ಮೇಲೆಯೇ ರಿಪೋರ್ಟಿಗೆ ಸಹಿ ಬಿತ್ತು. ಆ ರೈತರಿಗೆ ಇದೇನೂ ಗೊತ್ತಾಗಲಿಲ್ಲ. ಎರಡನೆಯ ಸಲ ಏಕೆ ಚುಚ್ಚಿದರು ಎಂದು ಬೇಸರವನ್ನೂ ಪಟ್ಟಿರಬಹುದು.

ಅಜ್ಜನಿಗೆ ಹೇಳಬೇಕಾದ ಉತ್ತರದ ಬಹುಪಾಲು ನನಗೆ ಆ ಸ್ಲೈಡಿನ ಬಾಲದಲ್ಲೇ ಸಿಕ್ಕಿತು.

ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಯಂತ್ರಕ್ಕೂ ಇಲ್ಲಿ ದಿನವೂ ಪರೀಕ್ಷೆ. ರೋಗಿಗಳ ಟ್ಯೂಬು ಹಾಕುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವವನ್ನು ಓಡಿಸುತ್ತಾರೆ. ಬಂದ ಅಂಕಿಯನ್ನು ಗೆರೆಗಳಿರುವ ಚಾರ್ಟಿನಲ್ಲಿ ಚುಕ್ಕಿಯಾಗಿ ಇಡುತ್ತಾರೆ. ಕಾರ್ಖಾನೆಯ ವಸ್ತುಗಳ ಗುಣ ಕಾಯಲು ವಾಲ್ಟರ್ ಶ್ಯೂಹಾರ್ಟ್ 1924ರಲ್ಲಿ ಅಮೆರಿಕದ ಟೆಲಿಫೋನ್ ಉದ್ಯಮದಲ್ಲಿ ಹುಟ್ಟುಹಾಕಿದ ಚಾರ್ಟು ಅದು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಅದನ್ನು ಲ್ಯಾಬಿಗೆ ತಂದರು. ಜೇಮ್ಸ್ ವೆಸ್ಟ್‌ಗಾರ್ಡ್ 1981ರಲ್ಲಿ ಅದಕ್ಕೆ ನಿಯಮಗಳ ಮಾಲೆ ಕಟ್ಟಿದರು. ಚುಕ್ಕಿ ನಡುಗೆರೆಯಿಂದ ಮೂರನೆಯ ಗೆರೆ ದಾಟಿದರೆ ಅವತ್ತಿನ ಓಟವನ್ನೇ ತಿರಸ್ಕರಿಸಬೇಕು. ಎರಡನೆಯ ಗೆರೆಯನ್ನು ಒಮ್ಮೆ ದಾಟುವುದು ಇಪ್ಪತ್ತಕ್ಕೊಂದು ಸಲ ಆಕಸ್ಮಿಕವಾಗಿಯೂ ಆಗಬಹುದು; ಬೆನ್ನುಬೆನ್ನಿಗೆ ಎರಡು ಸಲ ಒಂದೇ ಕಡೆ ದಾಟಿದರೆ ಅದು ಆಕಸ್ಮಿಕವಲ್ಲ. ನನ್ನನ್ನು ಹಿಡಿದಿಟ್ಟದ್ದು ಇನ್ನೊಂದು: ಎಲ್ಲ ಚುಕ್ಕಿಗಳೂ ಗೆರೆಯೊಳಗೇ ಇದ್ದು, ಹತ್ತು ಸಲ ಸತತವಾಗಿ ನಡುಗೆರೆಯ ಒಂದೇ ಬದಿಗೆ ಬಿದ್ದರೂ ಎಚ್ಚರಿಕೆಯೇ. ಯಾವುದೋ ರಾಸಾಯನಿಕ ಹಳತಾಗುತ್ತಿದೆ, ದೀಪ ಮಂಕಾಗುತ್ತಿದೆ. ಫೇಲಾಗುವ ಮೊದಲೇ ಬಾಗುವಿಕೆಯನ್ನು ಕಂಡುಹಿಡಿಯುವ ನಿಯಮ ಅದು. ಮಕ್ಕಳ ಓದಿನಲ್ಲೂ ಹೀಗೆ ನೋಡುವವರಿದ್ದರೆ ಎಷ್ಟು ಒಳ್ಳೆಯದು ಎಂದುಕೊಂಡೆ.

ರಕ್ತನಿಧಿಯಲ್ಲಿ ಇದೇ ಎಚ್ಚರ ಇನ್ನೂ ಬಿಗಿ. ಗುಂಪು ನೋಡುವುದು ಎರಡು ದಿಕ್ಕಿನಿಂದ. ರೋಗಿಯ ಕೆಂಪು ಕಣಗಳನ್ನು ಗೊತ್ತಿರುವ ಸೀರಮ್ಮಿನ ಜೊತೆ ಬೆರೆಸಿ ಒಮ್ಮೆ. ರೋಗಿಯ ಸೀರಮ್ಮನ್ನು ಗೊತ್ತಿರುವ ಕಣಗಳ ಜೊತೆ ಬೆರೆಸಿ ಇನ್ನೊಮ್ಮೆ. ಎರಡೂ ಒಂದೇ ಮಾತು ಹೇಳಬೇಕು. ಇದರ ಬೆಲೆ ತಿಳಿಯಬೇಕಾದರೆ 1952ರ ಮುಂಬೈಗೆ ಹೋಗಬೇಕು. ಅಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಒಂದು ಹೊಸ ರಕ್ತವನ್ನು ಗುರುತಿಸಿದರು. ಇವತ್ತಿಗೂ ಅದರ ಹೆಸರು ಬಾಂಬೆ ಬ್ಲಡ್ ಗ್ರೂಪ್. ಎ, ಬಿ ಎರಡಕ್ಕೂ ತಳಹದಿಯಾದ ಎಚ್ ಎಂಬ ಅಂಶವೇ ಆ ಕಣಗಳಲ್ಲಿ ಇಲ್ಲ. ಮೊದಲ ದಿಕ್ಕಿನಿಂದ ಮಾತ್ರ ನೋಡಿದರೆ ಅದು 'ಒ' ಗುಂಪಿನಂತೆ ಕಾಣುತ್ತದೆ. ಆದರೆ ಆ ಸೀರಮ್ಮು 'ಒ' ಕಣಗಳನ್ನೂ ಗಟ್ಟಿಯಾಗಿ ಅಂಟಿಸಿಬಿಡುತ್ತದೆ. 'ಒ' ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಎರಡನೆಯ ದಿಕ್ಕಿನ ಪರೀಕ್ಷೆಯಲ್ಲಿ 'ಒ' ಕಣಗಳ ಟ್ಯೂಬನ್ನೂ ಇಟ್ಟವರಿಗೆ ಮಾತ್ರ ಇದು ಗೊತ್ತಾಗುತ್ತದೆ. ತನ್ನ ಇಡೀ ವೃತ್ತಿಯಲ್ಲಿ ಒಮ್ಮೆಯೂ ಎದುರಾಗದಿರಬಹುದಾದ ಆ ಒಬ್ಬರಿಗಾಗಿ ಪ್ರತಿ ದಿನ, ಪ್ರತಿ ಟ್ಯೂಬಿಗೆ ಎರಡು ಸಲ ಕೆಲಸ.

ಇಷ್ಟು ಹೊಣೆಯ ವೃತ್ತಿಗೆ ಈ ದೇಶದಲ್ಲಿ ಬಹುಕಾಲ ರಾಷ್ಟ್ರಮಟ್ಟದ ಒಂದು ನೋಂದಣಿ ಪುಸ್ತಕವೂ ಇರಲಿಲ್ಲ ಎಂಬುದು ನೋವಿನ ಸಂಗತಿ. ವೈದ್ಯರಿಗೆ, ದಾದಿಯರಿಗೆ, ಫಾರ್ಮಸಿಸ್ಟರಿಗೆ ರಾಷ್ಟ್ರಮಟ್ಟದ ಪರಿಷತ್ತುಗಳಿದ್ದವು, ಲ್ಯಾಬಿನವರಿಗೆ ಇರಲಿಲ್ಲ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಹೆಲ್ತ್‌ಕೇರ್ ವೃತ್ತಿಪರ ಎನಿಸಿಕೊಳ್ಳಲು ಮೂರರಿಂದ ಆರು ವರ್ಷಗಳಲ್ಲಿ ಹರಡಿದ, ಕನಿಷ್ಠ 3,600 ಗಂಟೆಗಳ ಪದವಿ ಶಿಕ್ಷಣ ಬೇಕು ಎನ್ನುತ್ತದೆ ಅದು. ಅಲೈಡ್ ಹೆಲ್ತ್ ವೃತ್ತಿಪರರಿಗೆ 2,000 ಗಂಟೆ. ದಿನಕ್ಕೆ ಆರು ಗಂಟೆಯಂತೆ ಲೆಕ್ಕ ಹಾಕಿದರೆ 3,600 ಎಂದರೆ ಆರುನೂರು ದಿನ. ಒಂದು ಸಂಗೀತ ಪಾಠಕ್ಕೋ ಕಮ್ಮಾರಿಕೆಗೋ ಗುರುವಿನ ಮನೆಯಲ್ಲಿ ಕಳೆಯುತ್ತಿದ್ದ ಕಾಲಕ್ಕೆ ಹೋಲಿಸಿದರೆ ಅದೇನೂ ಹೆಚ್ಚಲ್ಲ.

ಇಂಟರ್ನ್‌ಶಿಪ್ಪಿನ ವರ್ಷ ಆ ಗುರುಮನೆ. ಅಲ್ಲಿಯವರೆಗೆ ಕಲಿತದ್ದೆಲ್ಲ ಈಗ ರಾತ್ರಿಪಾಳಿಯಲ್ಲಿ, ಕರೆಂಟು ಹೋದಾಗ, ವಾರ್ಡಿನಿಂದ ಫೋನು ಬರುತ್ತಿರುವಾಗ ನೆನಪಾಗಬೇಕು. ಅಂಕಿಯೊಂದು ಅಪಾಯದ ಮಟ್ಟದಲ್ಲಿದ್ದರೆ ರಿಪೋರ್ಟು ಅಚ್ಚಾಗುವುದನ್ನು ಕಾಯುವಂತಿಲ್ಲ. ಕೂಡಲೆ ಫೋನು ಮಾಡಿ, ಕೇಳಿಸಿಕೊಂಡವರಿಂದ ಅಂಕಿಯನ್ನು ತಿರುಗಿ ಹೇಳಿಸಿ, ಯಾರು ಯಾವಾಗ ಕೇಳಿಸಿಕೊಂಡರು ಎಂದು ಬರೆದಿಡಬೇಕು. ಊರಿನ ರೋಗಗಳೂ ಈ ವರ್ಷವೇ ಪರಿಚಯವಾಗುವುದು. ಚಾಮರಾಜನಗರ, ಮೈಸೂರು ಭಾಗದ ಕಾಡಿನ ಹಾಡಿಗಳಿಂದ ಬಂದವರ ಸ್ಲೈಡಿನಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪು ಕಣ ಸಿಗಬಹುದು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನಕಾಯಿಲೆಯ ಅನುಮಾನವಿದ್ದರೆ ಆ ರಕ್ತವನ್ನು ಹಿಡಿಯುವ ರೀತಿಯೇ ಬೇರೆ. ಮಂಗಳೂರಿನ ಕಡೆಯಿಂದ ಚಳಿಜ್ವರ ಹೊತ್ತು ಬಂದವರಿದ್ದರೆ, ಮೊದಲ ಯೋಚನೆ ಮಲೇರಿಯಾ.

ನಾನು ಹೊರಡಬೇಕಿದ್ದ ಸಂಜೆ ಅಂಥ ಒಬ್ಬರ ರಕ್ತ ಬಂತು. ಮಂಗಳೂರಿನಲ್ಲಿ ಕಟ್ಟಡ ಕೆಲಸ ಮುಗಿಸಿ ಊರಿಗೆ ಮರಳಿದ ಹುಡುಗ. ಒಂದು ದಿನ ಬಿಟ್ಟು ಒಂದು ದಿನ ಜ್ವರ. ಇದಕ್ಕೆ ಎರಡು ಸ್ಮಿಯರ್ ಬೇಕು. ತೆಳುವಾದದ್ದು ಪರಾವಲಂಬಿಯ ಜಾತಿ ಗುರುತಿಸಲು: ವೈವ್ಯಾಕ್ಸ್ ಆದರೆ ಅದು ಹೊಕ್ಕ ಕಣ ಊದಿಕೊಂಡಿರುತ್ತದೆ, ಫಾಲ್ಸಿಪ್ಯಾರಮ್ ಆದರೆ ಬಾಳೆಹಣ್ಣಿನಂತೆ ಬಾಗಿದ ರೂಪ ಸಿಗಬಹುದು. ಎರಡಕ್ಕೂ ಔಷಧ ಬೇರೆ. ದಪ್ಪ ಸ್ಮಿಯರ್ ಇರುವುದು ಹುಡುಕುವುದಕ್ಕೆ: ಅದೇ ಜಾಗದಲ್ಲಿ ಹೆಚ್ಚು ರಕ್ತ, ಕೆಂಪು ಕಣಗಳು ನೀರಿನಲ್ಲಿ ಒಡೆದು ಹೋಗಿ ಪರಾವಲಂಬಿ ಮಾತ್ರ ಉಳಿಯುತ್ತದೆ. ಅದಕ್ಕೆ ಲೀಶ್‌ಮನ್ ಆಗದು, ಅದರ ಆಲ್ಕೋಹಾಲು ಕಣಗಳನ್ನು ಒಡೆಯಗೊಡುವುದಿಲ್ಲ. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ನಮ್ಮ ದೇಶದಲ್ಲೇ 1944ರಲ್ಲಿ ರೂಪಿಸಿದ ಜೆಎಸ್‌ಬಿ ಬಣ್ಣ ನೀರಿನದ್ದು, ಅಗ್ಗದ್ದು. ಮಲೇರಿಯಾ ಕಾರ್ಯಕ್ರಮದ ಲಕ್ಷಾಂತರ ಸ್ಲೈಡುಗಳು ಅದರಲ್ಲಿ ಮಿಂದಿವೆ. ಈ ಹುಡುಕಾಟದ ಹಿಂದಿನ ಒಂದು ಹೆಸರು ರೊನಾಲ್ಡ್ ರಾಸ್ ಅವರದ್ದು. 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದವರು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಗುರುತು ಕಂಡರು. ಅವರೂ ಹೀಗೇ, ಒಂದು ಸೂಕ್ಷ್ಮದರ್ಶಕದ ಮೇಲೆ ಬಾಗಿ ಕೂತಿದ್ದರು.

ನನ್ನ ಸೊಸೆ ದಪ್ಪ ಸ್ಮಿಯರಿನ ಮೇಲೆ ಎಣ್ಣೆ ಹನಿಸಿ ಲೆನ್ಸ್ ಇಳಿಸಿದಳು. ಎಡಗೈ ಫೋಕಸ್ ತಿರುಪಿನ ಮೇಲೆ. ಒಂದು ನೋಟದಲ್ಲೇ ಮೇಲೆ ಕೆಳಗೆ ಆಡಿಸುತ್ತ ಪದರದ ಆಳವನ್ನೆಲ್ಲ ನೋಡುತ್ತಾಳೆ. ಬಲಗೈ ಸ್ಲೈಡನ್ನು ಸರಿಸುತ್ತದೆ. ಏನೂ ಸಿಗದಿದ್ದರೆ ಕನಿಷ್ಠ ನೂರು ನೋಟ ನೋಡುವ ತನಕ ಏಳುವಂತಿಲ್ಲ. ಆಮೇಲೂ ರಿಪೋರ್ಟಿನಲ್ಲಿ 'ಮಲೇರಿಯಾ ಇಲ್ಲ' ಎಂದು ಬರೆಯುವುದಿಲ್ಲ. 'ಪರಾವಲಂಬಿ ಕಂಡುಬಂದಿಲ್ಲ' ಎಂದು ಬರೆಯುತ್ತಾರೆ. ತಾನು ನೋಡಿದ್ದಷ್ಟಕ್ಕೇ ಮಾತು.

ಬಸ್ಸಿಗೆ ಹೊತ್ತಾಗಿತ್ತು. "ಹೋಗಿ ಬರ್ತೀನಿ ಪುಟ್ಟಿ" ಎಂದೆ. ಅವಳು ಕಣ್ಣು ತೆಗೆಯಲಿಲ್ಲ, ಎಡಗೈ ಮಾತ್ರ ಒಂದು ಕ್ಷಣ ಎತ್ತಿ ತಾಳಿ ಎಂಬಂತೆ ತೋರಿಸಿದಳು. ನಾನು ಬಾಗಿಲಲ್ಲಿ ನಿಂತೆ. ತಿರುಪು ಮತ್ತೆ ಆಡಿತು, ಸ್ಲೈಡು ಇಷ್ಟೇ ಇಷ್ಟು ಸರಿಯಿತು.

"ಅರವತ್ತಮೂರು" ಎಂದಳು, ತನಗೇ ಹೇಳಿಕೊಳ್ಳುವ ಹಾಗೆ.